ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ: ಊಟದ ಮೇಜೂ ಉಪವಾಸವೂ

ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದವರನ್ನು ಕಾಣಲು ನೆರೆಹೊರೆಯವರು ಹಣ್ಣು ಹಂಪಲು ಹಿಡಿದುಕೊಂಡು ಬರುತ್ತಾರೆ. ವಾಡೆಯ ಪ್ರಾರ್ಥನಾಕೂಟದಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸಲಾಗುತ್ತದೆ. ಅತಿಯಾದ ದೇಹತೂಕವನ್ನು ಇಳಿಸುವುದಕ್ಕಾಗಿ ಜಠರದ ಶಸ್ತ್ರಚಿಕಿತ್ಸೆಗೆ ಒಳಗಾದವರ ಪಾಡು ಹಾಗಲ್ಲ. ಅವರು ಸದ್ದಿಲ್ಲದೆ ಆಸ್ಪತ್ರೆಗೆ ಹೋಗುತ್ತಾರೆ, ಸದ್ದಿಲ್ಲದೆ ಮರಳುತ್ತಾರೆ. ಕೇಳಿದವರಿಗೆ ಹರ್ನಿಯಾ ಎಂದೋ ಪಿತ್ತಕೋಶದ ಕಲ್ಲು ತೆಗೆಸಿದ್ದೆಂದೋ ಹೇಳಿ ಮಾತು ಮುಗಿಸುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿವೆ. ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. "ಬಾಯಿ ಕಟ್ಟಲಾಗದವರು ಹೊಟ್ಟೆ ಹೊಲಿಸಿಕೊಂಡರು" ಎಂಬ ಕುಹಕದ ಮಾತು ಮದುವೆಯ ಚಪ್ಪರಗಳಲ್ಲಿ ನಮ್ಮ ಕಿವಿಗೂ ಬಿದ್ದಿದೆ.

ಈ ಗೋಪ್ಯದಿಂದ ಆಗುವ ಹಾನಿ ಕೇವಲ ಮನಸ್ಸಿನದಲ್ಲ. ಶಸ್ತ್ರಚಿಕಿತ್ಸೆಯ ನಿಜವಾದ ಕಷ್ಟಗಳು ಆಸ್ಪತ್ರೆಯಿಂದ ಬಂದ ಮೇಲೆ, ಅಡುಗೆಮನೆಯಲ್ಲಿ ಮತ್ತು ಊಟದ ಮೇಜಿನಲ್ಲಿ ಆರಂಭವಾಗುತ್ತವೆ. ಮನೆಯವರಿಗೂ ಬಂಧುಗಳಿಗೂ ವಿಷಯ ತಿಳಿಯದಿದ್ದರೆ ಆ ಕಷ್ಟಗಳನ್ನು ರೋಗಿಯು ಒಬ್ಬನೇ ಹೊರಬೇಕಾಗುತ್ತದೆ. ಆದುದರಿಂದ ಈ ವಾರದ ಅಂಕಣದಲ್ಲಿ ಈ ವಿಷಯವನ್ನು ತುಸು ಬಿಡಿಸಿ ಹೇಳುವುದು ಉಚಿತವೆಂದು ನಮಗೆ ತೋರಿತು. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಬಗ್ಗೆಯೂ ಕೆಲವರು ವಿಚಾರಿಸುತ್ತಾರೆ. ಅದು ಬೇರೆಯೇ ವಿಷಯ, ಇಲ್ಲಿ ಅದನ್ನು ಎತ್ತಿಕೊಳ್ಳುವುದಿಲ್ಲ.

ಮೊದಲು ಶಸ್ತ್ರಚಿಕಿತ್ಸೆಯ ಸ್ವರೂಪ. ಹೆಚ್ಚಾಗಿ ನಡೆಯುವವು ಎರಡು ಬಗೆ. ಮೊದಲನೆಯದರಲ್ಲಿ ಜಠರದ ಸುಮಾರು 80 ಶೇಕಡಾ ಭಾಗವನ್ನು ಉದ್ದುದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆಯೊಂದನ್ನು ಉಳಿಸಲಾಗುತ್ತದೆ. ಇದಕ್ಕೆ ಸ್ಲೀವ್ ಎನ್ನುತ್ತಾರೆ. ಎರಡನೆಯದು ಬೈಪಾಸ್. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನಷ್ಟು, ಅಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಪುಟ್ಟ ಚೀಲವನ್ನು ಪ್ರತ್ಯೇಕಿಸಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಉಳಿದ ಜಠರವೂ ಕರುಳಿನ ಮೊದಲ ಭಾಗವೂ ಹೊಟ್ಟೆಯೊಳಗೇ ಇರುತ್ತವೆ, ಆದರೆ ಆಹಾರವು ಆ ಹಾದಿಯಲ್ಲಿ ಹೋಗುವುದಿಲ್ಲ. ಅಮೆರಿಕದ ಐಯೊವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಇಂತಹ ಬೈಪಾಸನ್ನು ಆರಂಭಿಸಿದರು. ಅದಕ್ಕೆ ಮುನ್ನ ಕರುಳಿನ ಬಹುಭಾಗವನ್ನೇ ಬಳಸಿ ಹೋಗುವ ಒಂದು ವಿಧಾನವಿತ್ತು. ಅದರಿಂದ ಯಕೃತ್ತು, ಮೂತ್ರಪಿಂಡಗಳಿಗೆ ಅತಿಯಾದ ತೊಂದರೆಗಳು ಕಂಡುಬಂದುದರಿಂದ ಅದನ್ನು ಕೈಬಿಡಲಾಯಿತು. ಇಂದಿನ ವಿಧಾನಗಳು ಬಹಳಷ್ಟು ಸುರಕ್ಷಿತ. ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಗಟ್ಟುವ ರೋಗ ಇವುಗಳಿಂದ ಬಳಲುತ್ತಿದ್ದ ಅನೇಕರಿಗೆ ಇದು ಮರುಜನ್ಮವನ್ನೇ ನೀಡಿದೆ.

ರೋಗವಿಲ್ಲದ ಜಠರವನ್ನು ಕತ್ತರಿಸುವುದು ದೇವರು ಕೊಟ್ಟ ದೇಹಕ್ಕೆ ಮಾಡುವ ಅಪಚಾರವಲ್ಲವೇ ಎಂದು ಕೇಳುವ ಧರ್ಮಶ್ರದ್ಧರೂ ಇದ್ದಾರೆ. ಪ್ರಶ್ನೆ ಹಳೆಯದು, ಉತ್ತರವೂ ಹೊಸದಲ್ಲ. 12ನೆಯ ಪಿಯುಸ್ ಜಗದ್ಗುರುಗಳು 1953ರ ಅಕ್ಟೋಬರ್ ತಿಂಗಳಲ್ಲಿ ಇಟಲಿಯ ಮೂತ್ರರೋಗ ತಜ್ಞರನ್ನುದ್ದೇಶಿಸಿ ಮಾಡಿದ ಭಾಷಣದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ತೆಗೆಯಲಾಗುವ ಅಂಗವು ಸ್ವತಃ ರೋಗಗ್ರಸ್ತವಾಗಿರಬೇಕೆಂಬುದು ನಿರ್ಣಾಯಕವಲ್ಲ. ಅದು ಇದ್ದಂತೆಯೇ ಇರುವುದರಿಂದ ಅಥವಾ ಕೆಲಸ ಮಾಡುವುದರಿಂದ ಇಡೀ ದೇಹಕ್ಕೆ ಗಂಭೀರ ಅಪಾಯವಿದೆಯೇ, ಬೇರೆ ದಾರಿ ಇಲ್ಲವೇ, ನಷ್ಟಕ್ಕಿಂತ ಲಾಭ ಹೆಚ್ಚೆಂದು ವಿವೇಕದಿಂದ ನಿರೀಕ್ಷಿಸಬಹುದೇ ಎಂಬುದೇ ಮುಖ್ಯ. ಅಂಗವಿರುವುದು ಪೂರ್ಣದೇಹಕ್ಕಾಗಿ ಎಂಬ ತತ್ತ್ವವಿದು. ಕೇವಲ ಸೌಂದರ್ಯಕ್ಕಾಗಿ, ಮಗಳ ಮದುವೆಯ ಫೋಟೋಗಳಲ್ಲಿ ತೆಳ್ಳಗೆ ಕಾಣಬೇಕೆಂಬ ಆಸೆಗಾಗಿ ಇದನ್ನು ಮಾಡಿಸಿಕೊಳ್ಳಹೊರಟರೆ ಈ ತತ್ತ್ವವು ಆಸರೆಗೆ ಬರುವುದಿಲ್ಲ. ಯೋಗ್ಯ ವೈದ್ಯರೂ ಬಹುಶಃ ಒಪ್ಪಲಾರರು.

ಇನ್ನು ಊಟದ ವಿಷಯಕ್ಕೆ ಬರೋಣ. ನಮಗೆ ಪರಿಚಯದ ಒಬ್ಬ ಶಿಕ್ಷಕಿ, ನಲವತ್ತರ ಆಸುಪಾಸಿನವರು, ಮಧುಮೇಹವೂ ಮೊಣಕಾಲು ನೋವೂ ವಿಪರೀತವಾದುದರಿಂದ ಬೈಪಾಸ್ ಮಾಡಿಸಿಕೊಂಡರು. ಮೊದಲ ತಿಂಗಳುಗಳು ಚೆನ್ನಾಗಿಯೇ ಕಳೆದವು. ಬಳಿಕ ಬಂಧುಗಳ ಮನೆಯಲ್ಲಿ ಮದುವೆಯ ಮುನ್ನಾದಿನದ ರೋಸ್. ಬೆಲ್ಲ ಮತ್ತು ತೆಂಗಿನ ಹಾಲಿನ ಪಾಯಸವನ್ನು ಹಿರಿಯರೊಬ್ಬರು ತಂದು ಕೈಗಿತ್ತಾಗ ಬೇಡವೆನ್ನಲಾಗದೆ ಅರ್ಧ ಬಟ್ಟಲು ಕುಡಿದರು. ಕಾಲು ಗಂಟೆಯೊಳಗೆ ಎದೆ ಬಡಿದುಕೊಳ್ಳತೊಡಗಿತು, ಮೈಯೆಲ್ಲ ಬೆವರಿತು, ಹೊಟ್ಟೆ ಹಿಂಡಿದಂತಾಗಿ ಬಚ್ಚಲುಮನೆಗೆ ಓಡಬೇಕಾಯಿತು. ಹೃದಯಾಘಾತವೇ ಇರಬೇಕೆಂದು ಅವರು ಹೆದರಿದರು. ಹೊರಗೆ ಬಂದಾಗ ನಾಲ್ಕಾರು ಮಂದಿ ಪಿಸುಗುಟ್ಟುತ್ತಿದ್ದರು. ಅಂದಿನಿಂದ ಅವರು ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಕ್ರಮೇಣ ಭಾನುವಾರದ ಬಲಿಪೂಜೆಗೆ ಬರುವುದೂ ನಿಂತಿತು, ಏಕೆಂದರೆ ಬೆಳಗಿನ ಉಪಾಹಾರದ ನಂತರ ಯಾವ ಗಳಿಗೆಯಲ್ಲಿ ಏನಾಗುವುದೋ ಎಂಬ ಭಯ. ಮನೆಯವರು ಇದನ್ನು ಮಾನಸಿಕವೆಂದು ತೀರ್ಮಾನಿಸಿದ್ದರು.

ಮಾನಸಿಕವೇನೂ ಅಲ್ಲ. ವೈದ್ಯರು ಇದನ್ನು ಡಂಪಿಂಗ್ ಎನ್ನುತ್ತಾರೆ. ಆರೋಗ್ಯವಂತರ ಜಠರದ ಕೊನೆಯಲ್ಲಿ ಒಂದು ಬಾಗಿಲಿದೆ. ಅದು ಆಹಾರವನ್ನು ಅರೆದು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಬೈಪಾಸಿನಲ್ಲಿ ಆಹಾರಕ್ಕೆ ಆ ಬಾಗಿಲಿನ ತಡೆ ಇಲ್ಲ. ಸಕ್ಕರೆ, ಬೆಲ್ಲ, ಹಣ್ಣಿನ ರಸ ಇಂಥವು ಒಮ್ಮೆಲೇ ಕರುಳಿಗೆ ಸುರಿದಾಗ, ಆ ಗಟ್ಟಿ ಪಾಕವನ್ನು ತಿಳಿಮಾಡಲೆಂದು ರಕ್ತನಾಳಗಳಲ್ಲಿರುವ ನೀರು ಕರುಳಿನೊಳಕ್ಕೆ ಹರಿಯುತ್ತದೆ. ಕರುಳು ಉಬ್ಬಿ ಹಿಂಡುತ್ತದೆ, ಭೇದಿಯಾಗುತ್ತದೆ. ಇತ್ತ ರಕ್ತದ ಪ್ರಮಾಣ ತಗ್ಗಿದುದರಿಂದ ಹೃದಯವು ವೇಗವಾಗಿ ಬಡಿಯುತ್ತದೆ. ಇದು ಊಟವಾದ ಅರ್ಧ ಗಂಟೆಯೊಳಗೆ ಬರುವ ಬಗೆ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆಗಳ ನಂತರದ್ದು. ಸಕ್ಕರೆಯು ರಕ್ತಕ್ಕೆ ಬೇಗನೆ ಏರಿದ್ದನ್ನು ಕಂಡು ದೇಹವು ಇನ್ಸುಲಿನ್ನನ್ನು ಅತಿಯಾಗಿ ಸುರಿಸುತ್ತದೆ. ಪರಿಣಾಮವಾಗಿ ರಕ್ತದ ಸಕ್ಕರೆ ಕುಸಿದು ಕೈನಡುಕ, ತಲೆಸುತ್ತು, ಕಣ್ಣು ಕತ್ತಲೆ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದೂ ಉಂಟು. ಮಧುಮೇಹ ಕಡಿಮೆಯಾಗಲೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಸಕ್ಕರೆ ಕುಸಿಯುವ ಕಾಟ! ಸ್ಲೀವ್ ಮಾಡಿಸಿಕೊಂಡವರಲ್ಲಿ ಬಾಗಿಲು ಉಳಿದಿರುತ್ತದಾದರೂ ಅವರಿಗೂ ಇದು ಬರಬಹುದು.

ಪರಿಹಾರದ ಬಹುಪಾಲು ಔಷಧದ ಅಂಗಡಿಯಲ್ಲಿಲ್ಲ, ಅಡುಗೆಮನೆಯಲ್ಲಿದೆ. ದಿನಕ್ಕೆ ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳು. ಸಿಹಿಯನ್ನು ದೂರವಿಡುವುದು, ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆ ಇಂಥವರ ಮುಂದೆ ಬಂದಾಗ ಒತ್ತಾಯ ಮಾಡದಿರುವುದು. ಊಟದ ಜೊತೆಗೆ ನೀರು ಕುಡಿಯದೆ ಅರ್ಧ ಗಂಟೆಯಾದರೂ ಬಿಟ್ಟು ಕುಡಿಯುವುದು. ಆದರೆ ದಿನದಲ್ಲಿ ಒಟ್ಟು ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ಇಲ್ಲವಾದರೆ ಮಲಬದ್ಧತೆಯೂ ನಿರ್ಜಲತೆಯೂ ತಪ್ಪಿದ್ದಲ್ಲ. ತುತ್ತನ್ನು ಚೆನ್ನಾಗಿ ಅಗಿದು ನಿಧಾನವಾಗಿ ನುಂಗುವುದು. ಎದೆ ಬಡಿತ ಶುರುವಾದರೆ ಸ್ವಲ್ಪ ಹೊತ್ತು ಮಲಗಿಕೊಂಡರೆ ಶಮನವಾಗುತ್ತದೆ. ಸಕ್ಕರೆ ಕುಸಿಯುವವರು ಗ್ಲುಕೋಮೀಟರಿನಲ್ಲಿ ನೋಡಿಕೊಂಡು, ವೈದ್ಯರು ಹೇಳಿದಷ್ಟೇ ಗ್ಲುಕೋಸ್ ತೆಗೆದುಕೊಂಡು, ಅದರ ಬೆನ್ನಿಗೆ ಮೊಟ್ಟೆಯನ್ನೋ ಕಾಳನ್ನೋ ತಿನ್ನಬೇಕು. ಬರೀ ಸಕ್ಕರೆ ತಿಂದರೆ ಏರಿದ್ದು ಮತ್ತೆ ಇಳಿದು ಅದೇ ಚಕ್ರ ತಿರುಗುತ್ತದೆ. ಇಷ್ಟರಿಂದಲೂ ಹತೋಟಿಗೆ ಬಾರದವರಿಗೆ ಔಷಧಗಳಿವೆ.

ನಮ್ಮ ಕರಾವಳಿಯ ಮನೆಗಳಲ್ಲಿ ಒಂದು ವಿಶೇಷ ತೊಡಕಿದೆ. ಯಾರಿಗೆ ಹೊಟ್ಟೆ ಕೆಟ್ಟರೂ ಕುಚ್ಚಲಕ್ಕಿ ಗಂಜಿ, ಮೇಲೆ ಒಂದು ಚೂರು ಉಪ್ಪಿನಕಾಯಿ. ಅಜ್ಜಿಯ ಕಾಲದಿಂದ ಬಂದ ಈ ಔಷಧಕ್ಕೆ ನಾವು ಯಾರೂ ಎದುರಾಡುವವರಲ್ಲ. ಆದರೆ ಗಂಜಿಯಲ್ಲಿ ಅನ್ನವೂ ನೀರೂ ಒಟ್ಟಿಗಿರುತ್ತವೆ. ಚಿಕ್ಕ ಜಠರದಿಂದ ಅದು ಬೇಗನೆ ಜಾರಿಹೋಗುತ್ತದೆ. ಹೊಟ್ಟೆ ತುಂಬಿದಂತಾಗುತ್ತದೆಯೇ ಹೊರತು ದೇಹಕ್ಕೆ ಬೇಕಾದ ಪ್ರೋಟೀನು ದೊರೆಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ, ನೂರು ಗ್ರಾಂ ಮೀನಿನಲ್ಲಿ ಇಪ್ಪತ್ತರ ಆಸುಪಾಸು. ಆದುದರಿಂದ ತಟ್ಟೆಯಲ್ಲಿ ಮೊದಲ ಸ್ಥಾನ ಬಂಗುಡೆಗೆ, ಬೂತಾಯಿಗೆ, ಮೊಟ್ಟೆಗೆ, ಬೇಯಿಸಿದ ಹೆಸರುಕಾಳಿಗೆ, ಮೊಸರಿಗೆ; ಅನ್ನವೋ ಸಾನ್ನಾವೋ ಉಳಿದ ಜಾಗಕ್ಕೆ. ಮೀನು ಮೃದುವಾದುದರಿಂದ ಸುಲಭವಾಗಿ ಇಳಿಯುತ್ತದೆ. ಗಟ್ಟಿ ಮಾಂಸ, ಬ್ರೆಡ್, ಮುದ್ದೆಯಾದ ಅನ್ನ ಇವು ಕೆಲವರಿಗೆ ಎದೆಯಲ್ಲೇ ಸಿಕ್ಕಿಕೊಂಡಂತಾಗಿ ವಾಂತಿಯಾಗುವುದಿದೆ. ಹಾಲು ಒಗ್ಗದವರೂ ಇದ್ದಾರೆ. ಅವರಿಗೆ ಮೊಸರು ಒಗ್ಗಬಹುದು.

ಸ್ಲೀವ್ ಮಾಡಿಸಿಕೊಂಡವರಿಗೆ ಹುಳಿತೇಗು ಮತ್ತು ಎದೆಯುರಿ ಹೆಚ್ಚು. ಮಲಗುವ ಮುನ್ನ ಮೂರು ಗಂಟೆ ಏನನ್ನೂ ತಿನ್ನದಿರುವುದು, ಮಂಚದ ತಲೆಭಾಗವನ್ನು ಎತ್ತರಿಸುವುದು ಅನುಕೂಲ. ಆದರೆ ವರ್ಷಗಟ್ಟಲೆ ಉರಿಯನ್ನು ಸಹಿಸಿಕೊಂಡು ಕೂರಬಾರದು. ಅನ್ನನಾಳದ ಒಳಪದರ ಕೆಡುವ ಸಾಧ್ಯತೆಯಿದೆ, ದುರ್ಬೀನು ಪರೀಕ್ಷೆ ಬೇಕಾಗುತ್ತದೆ.

ಮಾತ್ರೆಗಳ ವಿಷಯದಲ್ಲಿ ನಮ್ಮ ಜನರ ಉದಾಸೀನ ಹೇಳತೀರದು. ಬಿ12 ಜೀವಸತ್ವವನ್ನು ಹೀರಿಕೊಳ್ಳಲು ಬೇಕಾದ ಅಂಶವೊಂದು ಜಠರದಲ್ಲಿಯೇ ತಯಾರಾಗುವುದು. ಕಬ್ಬಿಣವು ಹೀರಲ್ಪಡುವುದು ಬೈಪಾಸಿನಲ್ಲಿ ಬದಿಗೆ ಸರಿಸಲ್ಪಟ್ಟ ಕರುಳಿನ ಭಾಗದಲ್ಲಿ. ಆದುದರಿಂದ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಇವನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು, ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಬೇಕು. ಕ್ಯಾಲ್ಸಿಯಮ್ಮಿನಲ್ಲಿ ಸಿಟ್ರೇಟ್ ಬಗೆಯದು ಒಳ್ಳೆಯದು, ಅದು ಹೀರಲ್ಪಡಲು ಜಠರದ ಆಮ್ಲವನ್ನು ಕಾಯುವುದಿಲ್ಲ. ಕಬ್ಬಿಣದ ಮಾತ್ರೆಗೂ ಅದಕ್ಕೂ ನಡುವೆ ಎರಡು ಗಂಟೆಗಳ ಅಂತರವಿರಲಿ. ತೂಕ ಇಳಿದು ಮೈ ಹಗುರಾದ ಮೇಲೆ ಎರಡನೆಯ ವರ್ಷದಲ್ಲಿ ಮಾತ್ರೆಗಳನ್ನು ಬಿಟ್ಟು, ನಾಲ್ಕನೆಯ ವರ್ಷದಲ್ಲಿ ಕೈಕಾಲು ಜೋಮುಗಟ್ಟಿ ಮರಳಿ ಬಂದವರಿದ್ದಾರೆ. ಇನ್ನೂ ಒಂದು ಎಚ್ಚರಿಕೆ: ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಬಿ1 ಜೀವಸತ್ವ ಬತ್ತಿಹೋಗಿ ಮೆದುಳಿಗೇ ಏಟು ಬೀಳಬಹುದು. ದೃಷ್ಟಿ ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಲಕ್ಷಣ. ಅಂತಹ ಹೊತ್ತಿನಲ್ಲಿ ಮನೆಮದ್ದಿಗೆ ಕೈಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಹೊಟ್ಟೆನೋವನ್ನು ನಾವು ಗ್ಯಾಸ್ ಎಂಬ ಒಂದೇ ಶಬ್ದದಲ್ಲಿ ಅಡಗಿಸಿಬಿಡುತ್ತೇವೆ. ಬೈಪಾಸ್ ಆದವರಲ್ಲಿ ಇದು ಜೀವಕ್ಕೆ ಎರವಾಗಬಹುದು. ತೂಕ ಇಳಿದಂತೆ ಕರುಳನ್ನು ಹಿಡಿದಿರುವ ಪೊರೆಯೊಳಗಿನ ಕೊಬ್ಬೂ ಕರಗಿ, ಅಲ್ಲಿನ ಸಂದುಗಳು ಅಗಲವಾಗುತ್ತವೆ. ಕರುಳಿನ ಸುರುಳಿಯೊಂದು ಆ ಸಂದಿಯೊಳಗೆ ನುಸುಳಿ ಸಿಕ್ಕಿಕೊಳ್ಳುವುದಿದೆ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳು ಕಳೆದ ಮೇಲೂ ಇದು ಸಂಭವಿಸಬಹುದು. ನೋವು ಹಿಂಡಿ ಬಿಟ್ಟು, ಮತ್ತೆ ಹಿಂಡುತ್ತದೆ. ತಾನಾಗಿ ಶಮನವಾಗಿ ವಾರದ ನಂತರ ಮರಳಿ ಬರುತ್ತದೆ. ರಕ್ತಸಂಚಾರ ನಿಂತರೆ ಕರುಳು ಕೊಳೆಯಲು ಹೆಚ್ಚು ಹೊತ್ತು ಬೇಡ. ಊರಿನ ವೈದ್ಯರ ಬಳಿಗೆ ಹೋದಾಗ ಮೊದಲ ಮಾತಿನಲ್ಲೇ ಬೈಪಾಸ್ ಆಗಿದೆಯೆಂದು ಹೇಳಲೇಬೇಕು. ಹರ್ನಿಯಾ ಎಂದು ಊರಿಗೆಲ್ಲ ಹೇಳಿದ ಸುಳ್ಳನ್ನು ವೈದ್ಯರಿಗೂ ಹೇಳಿದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಶಸ್ತ್ರಚಿಕಿತ್ಸೆಯ ವಿವರವಿರುವ ಚೀಟಿಯ ಒಂದು ಪ್ರತಿಯನ್ನು ಪರ್ಸಿನಲ್ಲಿಟ್ಟುಕೊಳ್ಳುವುದು ಜಾಣತನ, ಅದರಲ್ಲೂ ಕೊಲ್ಲಿ ರಾಷ್ಟ್ರಗಳಲ್ಲಿ ಒಬ್ಬರೇ ದುಡಿಯುತ್ತಿರುವ ನಮ್ಮ ಯುವಕರಿಗೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳು ಹೊಲಿಗೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ಧೂಮಪಾನವೂ ಅಷ್ಟೆ. ತೂಕ ಬೇಗನೆ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕೂಡುವುದೂ ಸಾಮಾನ್ಯ. ಅದನ್ನು ತಡೆಯಲು ಮೊದಲ ಆರು ತಿಂಗಳು ಮಾತ್ರೆ ಕೊಡುವ ಪದ್ಧತಿಯಿದೆ.

ಮದುವೆಯಾದ ತರುಣಿಯರು ಶಸ್ತ್ರಚಿಕಿತ್ಸೆಯ ನಂತರ ವರ್ಷದಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ವೈದ್ಯರ ಸಲಹೆ. ತೂಕ ಇಳಿದಂತೆ ಋತುಚಕ್ರವು ಬದಲಾಗುವುದರಿಂದ ನೈಸರ್ಗಿಕ ವಿಧಾನವನ್ನು ಅನುಸರಿಸುವ ದಂಪತಿಗಳು ಹಳೆಯ ಲೆಕ್ಕವನ್ನು ನೆಚ್ಚಿಕೊಳ್ಳದೆ ಹೊಸದಾಗಿ ಕಲಿತುಕೊಳ್ಳಬೇಕು. ಗರ್ಭಿಣಿಯರಿಗೆ ಗ್ಲುಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆಯು ಇಂಥವರಿಗೆ ಡಂಪಿಂಗ್ ತರುತ್ತದೆ. ಬೇರೆ ವಿಧದ ಪರೀಕ್ಷೆಯುಂಟು, ಕೇಳಿಕೊಳ್ಳಬೇಕು.

ಮದ್ಯದ ಮಾತು ಹೇಳದೆ ಬಿಟ್ಟರೆ ನಮ್ಮ ಸಮಾಜದ ಮಟ್ಟಿಗೆ ಈ ಲೇಖನ ಅಪೂರ್ಣ. ಬೈಪಾಸಿನ ನಂತರ ಮದ್ಯವು ಬೇಗನೆ ರಕ್ತಕ್ಕೇರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಹಿಂದೆ ಎರಡು ಲೋಟಕ್ಕೆ ಏನೂ ಆಗದವನಿಗೆ ಈಗ ಒಂದೇ ಸಾಕು. ಅದಕ್ಕಿಂತ ಗಂಭೀರವಾದುದೆಂದರೆ, ಊಟದಲ್ಲಿ ಸಿಗುತ್ತಿದ್ದ ಸಮಾಧಾನ ತಪ್ಪಿದ ಮೇಲೆ ಕುಡಿತದಲ್ಲಿ ಅದನ್ನು ಹುಡುಕುವವರು. ಶಸ್ತ್ರಚಿಕಿತ್ಸೆಯಾದ ಎರಡನೆಯ ವರ್ಷದಿಂದ ಈ ಚಟ ಅಂಟುವ ಅಪಾಯ ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ. ಜಠರದ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿಯೆಂದು ಸಂತ ಪೌಲರು ತಿಮೊಥೇಯನಿಗೆ ಬರೆದುದನ್ನು ಇಲ್ಲಿ ಯಾರೂ ಎತ್ತಿ ತೋರಿಸಬೇಡಿ. ತಿಮೊಥೇಯನಿಗೆ ಬೈಪಾಸ್ ಆಗಿರಲಿಲ್ಲ.

ಹೊಟ್ಟೆಬಾಕತನದ ಪಾಪವೆಂಬ ಆರೋಪಕ್ಕೆ ಬರೋಣ. ಆರನೆಯ ಶತಮಾನದ ಮಹಾ ಗ್ರೆಗೋರಿ ಜಗದ್ಗುರುಗಳು ಹೊಟ್ಟೆಬಾಕತನದ ಐದು ಬಗೆಗಳನ್ನು ಹೇಳಿದರು, ಸಂತ ತೋಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಅವನ್ನು ಒಪ್ಪಿಕೊಂಡರು: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದುದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ನುಂಗುವುದು, ಅಡುಗೆಯ ನಾಜೂಕಿನಲ್ಲೇ ಮನಸ್ಸಿಡುವುದು. ಪ್ರಮಾಣಕ್ಕೆ ಸಂಬಂಧಿಸಿದ್ದು ಐದರಲ್ಲಿ ಒಂದು ಮಾತ್ರ. ದೇಹದ ತೂಕವಂತೂ ಪಟ್ಟಿಯಲ್ಲೇ ಇಲ್ಲ. ಹಾಗಾದರೆ ಸಾರಿನಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾಯಿತೆಂದು ಹೆಂಡತಿಯ ಮೇಲೆ ರೇಗುವ ಕಡ್ಡಿಯಂಥ ಗಂಡನೂ ಈ ಪಟ್ಟಿಯೊಳಗೆ ಬಂದಾನು. ಸ್ಥೂಲಕಾಯಕ್ಕೆ ವಂಶಪಾರಂಪರ್ಯವೂ ಗ್ರಂಥಿರಸಗಳೂ ಔಷಧಗಳೂ ಕಾರಣವಾಗುತ್ತವೆಂದು ಇಂದಿನ ವೈದ್ಯಶಾಸ್ತ್ರ ಬಲ್ಲದು. ತಟ್ಟೆಯನ್ನು ನೋಡದೆ ಸೊಂಟವನ್ನು ನೋಡಿ ಪಾಪವನ್ನು ಅಳೆಯುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಮಿತವೆಂಬುದರ ಬಗ್ಗೆ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಕೊಡುವ ಉದಾಹರಣೆಯೂ ಊಟದ್ದೇ. ಹತ್ತು ತೂಕದ ಆಹಾರ ಅತಿ, ಎರಡು ಕೊರತೆ ಎಂದಾದರೆ ಎಲ್ಲರಿಗೂ ಆರು ಸರಿಯೆಂದು ಗರಡಿಯ ಗುರು ಹೇಳುವುದಿಲ್ಲ. ಮಿಲೋ ಎಂಬ ಪ್ರಸಿದ್ಧ ಜಟ್ಟಿಗೆ ಅದು ಸಾಲದು, ಹೊಸಬನಿಗೆ ಹೆಚ್ಚಾದೀತು. ಮಿತವು ಲೆಕ್ಕದ ನಡುಬಿಂದುವಲ್ಲ, ಆಯಾ ಮನುಷ್ಯನಿಗೆ ತಕ್ಕುದು. ಸೆಮಿನರಿಯ ದಿನಗಳಲ್ಲಿ ಪರೀಕ್ಷೆಗೆಂದು ಓದಿದ ಈ ಮಾತು ಆ ಶಿಕ್ಷಕಿಯ ಮನೆಯ ಊಟದ ಮೇಜಿನಲ್ಲಿ ಹೊಸದಾಗಿ ಅರ್ಥವಾಯಿತು. "ಎರಡು ತುತ್ತು ಹೆಚ್ಚು ಉಂಡರೆ ಏನಾಗುತ್ತದೆ ಮಗಾ, ಮುಖ ಎಷ್ಟು ಬಾಡಿದೆ ನೋಡು" ಎಂದು ಅತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಎರಡು ತುತ್ತುಗಳೇ ಸೊಸೆಯನ್ನು ಹಾಸಿಗೆಗೆ ಕೆಡವುತ್ತಿದ್ದವು. ಆಹಾರತಜ್ಞೆಯ ಬಳಿಗೆ ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಹೋಗುವಂತೆ ನಾವು ಸೂಚಿಸಿದೆವು. ಹಿರಿಯಾಕೆ ಕೇಳಿ ತಿಳಿದುಕೊಂಡು ಬಂದರು. ಈಗ ಬೆಳಿಗ್ಗೆ ಹತ್ತಕ್ಕೆ ಮೊಟ್ಟೆ, ನಾಲ್ಕಕ್ಕೆ ಹೆಸರುಕಾಳು ಎಂದು ಗಡಿಯಾರ ನೋಡಿ ಬಡಿಸುವವರು ಅವರೇ; ಔತಣದ ಮನೆಗಳಲ್ಲಿ ಯಾರಾದರೂ ಒತ್ತಾಯ ಮಾಡಿದರೆ ಅಡ್ಡ ಬರುವವರೂ ಅವರೇ. ತೊಂದರೆ ಪೂರ್ತಿ ಹೋಗಿಲ್ಲ, ತಿಂಗಳಿಗೊಮ್ಮೆ ಇದ್ದೇ ಇದೆ. ಆದರೆ ಶಿಕ್ಷಕಿ ಬಲಿಪೂಜೆಗೆ ಬರುತ್ತಾರೆ, ಬಾಗಿಲಿನ ಬಳಿಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ. ಯಾಯೀರನ ಮಗಳನ್ನು ಎಬ್ಬಿಸಿದ ಬಳಿಕ ಪ್ರಭು ಕ್ರಿಸ್ತರು ಅವಳಿಗೆ ತಿನ್ನಲು ಏನಾದರೂ ಕೊಡಿರೆಂದು ಹೇಳಿದುದನ್ನು ಮಾರ್ಕನು ಮರೆಯದೆ ಬರೆದಿದ್ದಾನೆ. ಎಷ್ಟು ಕೊಡಬೇಕೆಂದು ಬರೆದಿಲ್ಲ, ಅದನ್ನು ಮನೆಯವರ ವಿವೇಕಕ್ಕೆ ಬಿಟ್ಟಿರಬೇಕು.

ಕೊನೆಯದಾಗಿ ಧರ್ಮಸಭೆಯ ನಿಯಮಗಳು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸವು 18 ವರ್ಷ ತುಂಬಿದವರಿಂದ ಹಿಡಿದು 59 ವರ್ಷ ತುಂಬುವವರೆಗಿನವರಿಗೆ ಕಡ್ಡಾಯ. ಆದರೆ ಉಪವಾಸದಿಂದ ಆರೋಗ್ಯಕ್ಕೆ ಹಾನಿಯಾಗುವವರನ್ನು ಈ ಕಟ್ಟಳೆ ಬಂಧಿಸುವುದಿಲ್ಲ. ದಿನಕ್ಕೆ ಐದಾರು ಬಾರಿ ತಿನ್ನಬೇಕಾದವರು ಒಂದೇ ಪೂರ್ಣ ಊಟದಲ್ಲಿ ದಿನ ಕಳೆದರೆ ಸಕ್ಕರೆ ಕುಸಿದು ಬಿದ್ದಾರು. ಅವರು ಅಂದು ಎಂದಿನಂತೆಯೇ ತಿನ್ನಲಿ, ಮಾಂಸವನ್ನು ಬಿಟ್ಟರೆ ಸಾಕು, ಮೀನಿಗೂ ಮೊಟ್ಟೆಗೂ ಅಡ್ಡಿಯಿಲ್ಲ. ಸಂಶಯವಿರುವವರು ತಮ್ಮ ಧರ್ಮಗುರುಗಳನ್ನು ಕೇಳಲಿ. ಯುಕ್ತ ಕಾರಣವಿದ್ದರೆ ವಿನಾಯಿತಿ ನೀಡುವ ಅಧಿಕಾರ ಅವರಿಗಿದೆ. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವು ನೀರಿಗೂ ಔಷಧಕ್ಕೂ ಅನ್ವಯಿಸದು. ಅಸ್ವಸ್ಥರಿಗೂ ಅವರ ಆರೈಕೆ ಮಾಡುವವರಿಗೂ ಆ ಗಂಟೆಯೊಳಗೆ ತಿಂದಿದ್ದರೂ ಅಡ್ಡಿಯಿಲ್ಲ. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುವುದೆಂಬ ಭಯವಿರುವವರು ಚಿಕ್ಕ ಚೂರನ್ನು ಕೇಳಿ ಪಡೆಯಬಹುದು. ಪ್ರತಿಯೊಂದು ಚೂರಿನಲ್ಲಿಯೂ ಕ್ರಿಸ್ತರು ಪೂರ್ಣವಾಗಿ ಇದ್ದಾರೆಂದು ತ್ರೆಂತ್ ಮಹಾಸಭೆಯು 1551ರಲ್ಲೇ ಸಾರಿದೆ. ಅಷ್ಟೂ ಇಳಿಯದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ನೀಡಲು ಅವಕಾಶವಿದೆ. ಒಂದು ಹನಿ ಸಾಕು, ಮೊದಲೇ ತಿಳಿಸಿರಬೇಕು. ಮನೆಗೆ ಪರಮಪ್ರಸಾದ ತರಿಸಿಕೊಳ್ಳುವವರು ತಮ್ಮ ಊಟದ ಹೊತ್ತುಗಳನ್ನು ಗುರುಗಳಿಗೆ ಹೇಳಿದರೆ ಅದಕ್ಕೆ ತಕ್ಕಂತೆ ಬರುತ್ತಾರೆ. ಗುರುಗಳು ಬಂದರೆಂದು ಹತ್ತು ಗಂಟೆಯ ಮೊಟ್ಟೆಯ ತಟ್ಟೆಯನ್ನು ಅವಸರದಿಂದ ಕಪಾಟಿನೊಳಗೆ ಬಚ್ಚಿಡಬೇಕಾಗಿಲ್ಲ.